ಪಂದ್ಯದ ವಾರ ಮಾತಿಲ್ಲ

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಬೇಕರಿಯ ಐಸಾ, ಬಾಜಿ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗಲೇ ಅಂಗಡಿಯ ಒಡತಿ ರೋನಾಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಐಸಾ ವರ್ಷಕ್ಕೆ ಒಂದೇ ಸಲ ಬರುವವಳು. ಏಪ್ರಿಲ್ ತಿಂಗಳ ದೊಡ್ಡ ಕುದುರೆ ಓಟಕ್ಕೆ, ಅದೂ ಕುದುರೆಯ ಹೆಸರು ಇಷ್ಟವಾದರೆ, ಎರಡು ಪೌಂಡ್ ಕಟ್ಟಿ ಹೋಗುವವಳು. ಇದು ಜುಲೈ. ಕೈಯಲ್ಲಿ ಇಪ್ಪತ್ತರ ನೋಟು.

"ನಾಳೆ ಗಾಲ್ಫ್‌ಗೆ ಹಾಕ್ಬೇಕಿತ್ತು," ಅಂದಳು ಐಸಾ, ಹಿಟ್ಟು ಮೆತ್ತಿದ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಳ್ಳುತ್ತ. "ಆ ಪೋರ್ಚುಗಲ್‌ನವನು ಇದಾನಲ್ಲ, ರೂಯಿ... ರೂಯಿ ಏನೋ."

"ತವೋರಾ."

"ಹಾಂ, ಅವ್ನೇ. ಅವನು ಬ್ರಾಂಟ್‌ನ ಸೋಲಿಸ್ತಾನೆ ಅಂತ ಬರ್ಕೋ."

"ಐಸಾ, ನಿಂಗೆ ಗಾಲ್ಫ್ ಏನು ಗೊತ್ತೇ?"

"ಮೂವತ್ತು ವರ್ಷದಿಂದ ಗಾಲ್ಫ್ ಆಡೋರಿಗೆ ಬನ್ನು ಮಾರ್ತಿದೀನಿ. ಅಷ್ಟು ಸಾಲ್ದಾ?" ಎಂದ ಐಸಾ ಚೀಟಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ರೋನಾಳ ಮುಖ ನೋಡದೆ ಹೊರಟುಹೋದಳು.

ಕಡಲ ದಂಡೆಯ ಈ ಗಾಲ್ಫ್ ಊರು ಕಿನ್ಲಾಥಿಯಲ್ಲಿ ಹುಟ್ಟಿದವರಿಗೆ ಜೋಡಿ ಬಾಜಿಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ನೂರೈವತ್ತಾರು ಜನ ಆಡುವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಲು ಬ್ರಹ್ಮನಿಂದಲೂ ಆಗದು. ಅದಕ್ಕೇ ಬಾಜಿ ಅಂಗಡಿಯವರು ಇಬ್ಬರನ್ನು ಹೆಕ್ಕಿ ಎದುರುಬದುರು ನಿಲ್ಲಿಸುತ್ತಾರೆ. ಉಳಿದವರು ಹಾಳಾಗಿ ಹೋಗಲಿ, ನಾಳೆ ಹದಿನೆಂಟು ಕುಳಿ ಮುಗಿದಾಗ ಈ ಇಬ್ಬರಲ್ಲಿ ಯಾರು ಕಡಿಮೆ ಹೊಡೆತದಲ್ಲಿ ಮುಗಿಸಿರುತ್ತಾರೆ, ಅಷ್ಟು ಹೇಳಿದರೆ ಸಾಕು. ಇದಕ್ಕೊಂದು ಕಟ್ಟಳೆಯಿದೆ. ಇಬ್ಬರಲ್ಲಿ ಒಬ್ಬ ಆಟಕ್ಕೇ ಬಾರದೆ ಹೋದರೆ ಬಾಜಿ ರದ್ದು, ಕಟ್ಟಿದ ದುಡ್ಡು ವಾಪಸು. ಆದರೆ ಬಂದು, ಒಂದೇ ಒಂದು ಚೆಂಡು ಹೊಡೆದು, ಆಮೇಲೆ ಕೈ ನೋವು ಸೊಂಟ ನೋವು ಎಂದು ಎದ್ದು ಹೋದನೋ, ಇನ್ನೊಬ್ಬ ಗೆದ್ದಂತೆಯೇ ಲೆಕ್ಕ. ಲೋಕದ ಕಳ್ಳತನವೆಲ್ಲ ಈ ಒಂದು ಹೊಡೆತದ ಸಂದಿಯಲ್ಲೇ ನುಸುಳುತ್ತದೆ ಎಂದು ರೋನಾ ನಂಬಿದ್ದಳು. ಇದೇ ಕೌಂಟರಿನ ಹಿಂದೆ ನಲವತ್ತು ವರ್ಷ ನಿಂತಿದ್ದ ಅವಳಪ್ಪ ಹೇಳುತ್ತಿದ್ದದ್ದೂ ಅದನ್ನೇ: "ಗೆಲ್ಲೋ ಕುದ್ರೆ ಮೇಲೆ ದುಡ್ಡು ಬಂದ್ರೆ ಹೆದರ್ಬೇಡ ಮಗಳೇ. ಸೋಲೋ ಕುದ್ರೆ ಮೇಲೆ ಬಂದ್ರೆ ಮಾತ್ರ ಬಾಗ್ಲು ಚಿಲಕ ಭದ್ರ ಇದ್ಯಾ ನೋಡ್ಕೋ."

ಸ್ವೀಡನ್ನಿನ ಆಕ್ಸೆಲ್ ಬ್ರಾಂಟ್ ಎಂದರೆ ಜಗತ್ತಿನ ಮೊದಲ ಹತ್ತು ಜನರಲ್ಲಿ ಒಬ್ಬ. ತವೋರಾನ ಹೆಸರು ಅವನ ಊರಿನವರಿಗಾದರೂ ನೆನಪಿದೆಯೋ ಇಲ್ಲವೋ. ಆನೆಯೆದುರು ಆಡು. ಸೋಮವಾರ ಬೋರ್ಡಿನಲ್ಲಿ ಒಂದು ಸಾಲು ಖಾಲಿ ಉಳಿದಿತ್ತೆಂದು ರೋನಾ ತಾನೇ ಈ ಜೋಡಿಯನ್ನು ಬರೆದಿದ್ದಳು. ಯಾರೂ ಕಣ್ಣೆತ್ತಿ ನೋಡುವುದಿಲ್ಲ ಎಂದುಕೊಂಡಿದ್ದಳು.

ಐಸಾ ಹೋದ ಕಾಲು ಗಂಟೆಗೆ ಅಂಚೆಯವನು ಬಂದ. ತವೋರಾ ಮೇಲೆ ಇಪ್ಪತ್ತು. ಆಮೇಲೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸ್ ಗೆಡಿಸ್. ಜೂಜು ಸೈತಾನನ ಕಸುಬು ಎಂದು ಕಳೆದ ಕ್ರಿಸ್‌ಮಸ್ಸಿನಲ್ಲಷ್ಟೇ ರೋನಾಳ ಮುಖದ ಮೇಲೇ ಹೇಳಿದ್ದ ಆಕೆ, ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿ, ಕೈಚೀಲದಿಂದ ನಾಲ್ಕಾಗಿ ಮಡಿಸಿದ ನೋಟು ತೆಗೆದಳು. ತವೋರಾ. ಆಮೇಲೆ ಬಂದರಿನ ಬಲೆ ಹೆಣೆಯುವವರಿಬ್ಬರು. ಹನ್ನೆರಡು ಗಂಟೆಗೆ ದೋಣಿಯ ಸ್ಯಾಂಡಿ. ಅವನು ಮಾತ್ರ ಐವತ್ತು ಕಟ್ಟಿದ.

"ಏನೋ ಸ್ಯಾಂಡಿ, ಊರಿಗೂರೇ ಪೋರ್ಚುಗಲ್‌ಗೆ ಬೀಗರಾಗಿಬಿಟ್ರಾ?" ಎಂದು ರೋನಾ ನಗುತ್ತಲೇ ಕೆಣಕಿದಳು.

ಸ್ಯಾಂಡಿ ಟೊಪ್ಪಿ ಸರಿಮಾಡಿಕೊಂಡ. "ಯಾಕೆ, ಕಟ್ಬಾರ್ದಾ?"

"ಕಟ್ಟು ಮಾರಾಯ. ಯಾಕೆ ಅಂತ ಕೇಳ್ದೆ ಅಷ್ಟೇ."

"ನೀನು ಕೇಳ್ತೀಯಲ್ಲ ರೋನಾ, ಅದೇ ಮಜಾ," ಎಂದು ಕಣ್ಣು ಹೊಡೆದು ಸ್ಯಾಂಡಿ ನಡೆದ.

ಆ ಕಣ್ಣು ಹೊಡೆದದ್ದು ಅವಳ ಎದೆಗೆ ಮುಳ್ಳಿನಂತೆ ನಾಟಿತು. ನೀನು ಕೇಳ್ತೀಯಲ್ಲ ಎಂದರೆ ಏನರ್ಥ? ನಿನಗೆ ಗೊತ್ತಿರಬೇಕಲ್ಲ ಎಂದು. ಯಾಕೆ ಗೊತ್ತಿರಬೇಕು? ಯಾಕೆಂದರೆ ಈ ವಾರ ಬ್ರಾಂಟ್‌ನ ಕೋಲಿನ ಚೀಲ ಹೊರುವ ಕ್ಯಾಡಿ ಅವಳ ಗಂಡ ಡುಗಾಲ್.

ಡುಗಾಲ್ ಮೂವತ್ತೈದು ವರ್ಷದಿಂದ ಕಿನ್ಲಾಥಿ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತವನು. ಅಮೆರಿಕದ ವಕೀಲರು, ಜಪಾನಿನ ದಂತವೈದ್ಯರು, ಚೆಂಡಿಗಿಂತ ಹುಲ್ಲನ್ನೇ ಹೆಚ್ಚು ದೂರ ಹಾರಿಸುವವರು, ಎಲ್ಲರ ಚೀಲವನ್ನೂ ಹೊತ್ತಿದ್ದ. ಗಾಳಿ ಎತ್ತಣದ್ದು, ಯಾವ ಕೋಲು ಹಿಡಿಯಬೇಕು, ಕುಳಿಯ ಸುತ್ತಲಿನ ಹಸಿರು ಯಾವ ಕಡೆಗೆ ಇಳಿಜಾರು ಎಂದು ತಾಳ್ಮೆಯಿಂದ ಹೇಳಿದ್ದ. ದೊಡ್ಡ ಪಂದ್ಯದಲ್ಲಿ ದೊಡ್ಡ ಆಟಗಾರನ ಚೀಲ ಮಾತ್ರ ಅವನ ಹೆಗಲೇರಿರಲಿಲ್ಲ. ಈ ಸಲ ಬ್ರಾಂಟ್‌ನ ಖಾಯಂ ಕ್ಯಾಡಿ, ಹೆಂಡತಿಯ ಹೆರಿಗೆ ಎಂದು ಊರಿಗೆ ಹೋದ. ಇಲ್ಲಿನ ಗಾಳಿ ಬಲ್ಲ ಹಳೆಯ ತಲೆಯೊಂದು ಬೇಕು ಎಂದ ಬ್ರಾಂಟ್. ಅರವತ್ತನೆಯ ವಯಸ್ಸಿಗೆ ಡುಗಾಲ್‌ಗೆ ಕರೆ ಬಂತು. ಬೆನ್ನ ಮೇಲೆ ಬ್ರಾಂಟ್ ಎಂದು ದೊಡ್ಡದಾಗಿ ಬರೆದ ಬಿಳಿ ಮೇಲಂಗಿಯನ್ನು ಭಾನುವಾರ ಮನೆಗೆ ತಂದು, ಕನ್ನಡಿಗೆ ಬೆನ್ನು ಮಾಡಿ ನಿಂತು, ಕತ್ತು ತಿರುಚಿ ತಿರುಚಿ ಓದಿಕೊಂಡಿದ್ದ. ರೋನಾ ಅದನ್ನು ಎರಡು ಸಲ ಇಸ್ತ್ರಿ ಮಾಡಿದ್ದಳು. ಎರಡನೆಯ ಸಲ ಅದಕ್ಕೆ ಇಸ್ತ್ರಿಯ ಅಗತ್ಯವೇನೂ ಇರಲಿಲ್ಲ.

ಗಂಡ ಕ್ಯಾಡಿ, ಹೆಂಡತಿಗೆ ಬಾಜಿ ಅಂಗಡಿ. ಊರಿನವರ ಬಾಯಿಗೆ ಇದಕ್ಕಿಂತ ರುಚಿಯಾದ ತುತ್ತು ಬೇಕೆ? ಅದಕ್ಕೇ ಮದುವೆಯಾದ ವರ್ಷವೇ ಇಬ್ಬರೂ ಒಂದು ನಿಯಮ ಮಾಡಿಕೊಂಡಿದ್ದರು. ಪಂದ್ಯದ ವಾರ, ಸೋಮವಾರದಿಂದ ಭಾನುವಾರ ಸಂಜೆ ಬಹುಮಾನ ಕೊಡುವ ತನಕ, ಮನೆಯಲ್ಲಿ ಗಾಲ್ಫ್ ಮಾತಿಲ್ಲ. ಅವನು ಮೈದಾನದ ಸುದ್ದಿ ಹೇಳಬಾರದು, ಅವಳು ಅಂಗಡಿಯ ಸುದ್ದಿ ಎತ್ತಬಾರದು. ಅವನು ಅಂಗಡಿಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಆ ವಾರಗಳಲ್ಲಿ ಇಬ್ಬರೂ ಹವಾಮಾನ, ಪಕ್ಕದ ಮನೆಯ ನಾಯಿ, ಆಲೂಗಡ್ಡೆಯ ರುಚಿ ಇಷ್ಟರಲ್ಲೇ ಸಂಸಾರ ತೂಗಿಸಿದ್ದರು. ಸುಳ್ಳು ಹೇಳುವ ಪ್ರಸಂಗವೇ ಬರದಂತೆ ಬಾಯಿ ಕಟ್ಟಿಕೊಂಡರೆ ನಂಬಿಕೆ ತಾನಾಗಿ ಉಳಿಯುತ್ತದೆ ಎಂದು ರೋನಾ ತಿಳಿದಿದ್ದಳು. ಹಾಗೆ ತಿಳಿದವರು ಅವಳೊಬ್ಬಳೇ ಅಲ್ಲ ಬಿಡಿ.

ಈ ವಾರ ಅವನ ಸಣ್ಣಪುಟ್ಟ ಕೆಲಸಗಳು ಅವಳ ಮೇಲೆ ಬಿದ್ದಿದ್ದವು. ಚೆಂಡು ಒರೆಸುವ ಟವೆಲ್ ಒಗೆಯುವುದು, ಬೆಳಗ್ಗೆ ಐದಕ್ಕೆ ಗಂಜಿ ಬೇಯಿಸುವುದು, ಬ್ರಾಂಟ್‌ನ ನೀರಿನ ಬಾಟಲಿ ತಣ್ಣಗಿಡಬೇಕಂತೆ ಎಂದು ದಿನಾ ಸಂಜೆ ಎಫ್ಫಿಯ ಮೀನಂಗಡಿಯಿಂದ ಎರಡು ಚೀಲ ಐಸು ತರುವುದು. ಆಟಗಾರರ ಸೊಕ್ಕು ಸಾವಿರ ಬಗೆ ಎಂದುಕೊಂಡು ಅವಳು ಎಲ್ಲವನ್ನೂ ಖುಷಿಯಿಂದಲೇ ಮಾಡಿದ್ದಳು.

ಈಗ ಕೌಂಟರಿನ ಹಿಂದೆ ಕೂತು ಅವಳು ವಾರವನ್ನು ಹಿಂದಕ್ಕೆ ಸುತ್ತತೊಡಗಿದಳು. ಅನುಮಾನದ ಹುಳ ಒಮ್ಮೆ ತಲೆಗೆ ಹೊಕ್ಕರೆ ಅದಕ್ಕೆ ಮೇವಿಗೇನು ಬರ. ಸೋಮವಾರ ಡುಗಾಲ್ ಮನೆಗೆ ಬಂದದ್ದು ಬೀದಿಯ ಮೆಟ್ಟಿಲು ಹತ್ತಿಕೊಂಡಲ್ಲ, ಹಿಂದಿನ ಓಣಿ ಸುತ್ತಿಕೊಂಡು. ಯಾಕೆ? ಯಾರ ಕಣ್ಣು ತಪ್ಪಿಸುವುದಕ್ಕೆ? ಮಂಗಳವಾರ ಬಚ್ಚಲಿಗೆ ಹೋದವನು ಅಗುಳಿ ಹಾಕಿಕೊಂಡು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಫೋನನ್ನೂ ಒಳಗೇ ಒಯ್ದಿದ್ದ. ಹಿಂದೆಂದೂ ಹಾಗೆ ಮಾಡಿದವನಲ್ಲ. ಮತ್ತೆ ಇವತ್ತು ಬೆಳಗ್ಗೆ, ಅಂಗಡಿ ತೆರೆಯುವಾಗ ಅವಳೇ ಕಣ್ಣಾರೆ ಕಂಡಳು: ಬಂದರಿನ ಕಟ್ಟೆಯ ಮೇಲೆ ಡುಗಾಲ್ ಮತ್ತು ಸ್ಯಾಂಡಿ, ತಲೆಗೆ ತಲೆ ಕೊಟ್ಟು ಕೂತಿದ್ದರು. ಮೈದಾನಕ್ಕೆ ಹೋಗುವ ಹೊತ್ತಿನಲ್ಲಿ ಡುಗಾಲ್ ಕಟ್ಟೆಯ ಮೇಲೆ ಕೂತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಆ ಸ್ಯಾಂಡಿಯೇ ಮಧ್ಯಾಹ್ನ ಐವತ್ತು ಕಟ್ಟಿದ.

ಬೆಂಕಿಯಿಲ್ಲದೆ ಹೊಗೆ ಏಳುವುದಿಲ್ಲ. ಬ್ರಾಂಟ್‌ಗೆ ಎಲ್ಲೋ ಪೆಟ್ಟಾಗಿದೆ. ನಾಳೆ ಒಂದು ಹೊಡೆತ ಹೊಡೆದು ಅವನು ಕೈ ಚೆಲ್ಲುತ್ತಾನೆ. ಅದು ಗೊತ್ತಿರುವುದು ಅವನ ಕ್ಯಾಡಿಗೆ. ಕ್ಯಾಡಿ ಊರಿಗೆಲ್ಲ ಹಂಚಿದ್ದಾನೆ, ಹೆಂಡತಿಯೊಬ್ಬಳನ್ನು ಬಿಟ್ಟು.

ಊರಿಗೆ ಹಂಚಿದ್ದಕ್ಕಿಂತ, ತನ್ನನ್ನು ಬಿಟ್ಟದ್ದು ಅವಳಿಗೆ ಹೆಚ್ಚು ಉರಿಯಿತು. ಮೂರು ಗಂಟೆಗೆ ಅವಳು ಬೋರ್ಡಿನ ಆ ಸಾಲನ್ನು ಅಳಿಸಿಹಾಕಿದಳು.

ಸಂಜೆ ಐದೂವರೆಗೆ ಕೀಮಾ, ಆಲೂಗಡ್ಡೆ ಬಡಿಸಿದಳು. ಡುಗಾಲ್ ಮೇಜಿನ ಆಚೆ ಬದಿಯಲ್ಲಿ, ಕಾಲನ್ನು ಕೆಳಗೆ ನೀಡಿಕೊಂಡು ಕೂತಿದ್ದ. ಮುಖ ಬಾಡಿತ್ತು. ಕಣ್ಣು ಕಿಟಕಿಯಾಚೆ ಎಲ್ಲೋ.

"ಎಲ್ಲಾ ಸರಿ ಇದ್ಯಾ?" ಎಂದು ಕೇಳಿದಳು.

"ಯಾಕೆ? ಆಲೂಗಡ್ಡೆ ಚೆನ್ನಾಗಿದೆ."

"ಆಲೂಗಡ್ಡೆ ಅಲ್ಲ ಡುಗಾಲ್. ನಿನ್ನ... ನಿನ್ನ ಕಡೆ. ಎಲ್ರೂ ಆರಾಮಾಗಿದಾರಾ?"

ಅವನು ಚಮಚ ಕೆಳಗಿಟ್ಟ. "ರೋನಾ, ಇವತ್ತು ಯಾವ ವಾರ?"

"ನಂಗೊತ್ತು ಯಾವ ವಾರ ಅಂತ."

"ಮತ್ತೆ? ನಿಯಮ ಅಂದ್ರೆ ನಿಯಮ. ನಾನೇನಾದ್ರೂ ನಿನ್ನ ಅಂಗ್ಡಿ ವಿಷ್ಯ ಕೇಳಿದ್ನಾ?"

"ಒಂದು ಮಾತು ಹೇಳ್ಬಿಡು. ನನ್ನ ಹತ್ರ ಏನಾದ್ರೂ ಮುಚ್ಚಿಡ್ತಿದೀಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡುಗಾಲ್‌ನ ಕಿವಿ ಕೆಂಪಾಯಿತು. ಇಪ್ಪತ್ತಾರು ವರ್ಷದಲ್ಲಿ ಆ ಕಿವಿ ಅವಳಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

"ಏನಿಲ್ಲ ಕಣೇ," ಅಂದ ಅವನು. "ಐಸ್ ತಂದ್ಯಾ?"

"ಹಿತ್ತಲ ಬಾಗ್ಲಲ್ಲಿದೆ."

ಅವನು ಮೇಜು ಹಿಡಿದು ಮೆಲ್ಲಗೆ ಎದ್ದು, ಐಸಿನ ಚೀಲಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದ. ಅಗುಳಿ ಬಿದ್ದ ಸದ್ದಾಯಿತು. ಆ ಸದ್ದನ್ನು ಕೇಳಿದಳೇ ಹೊರತು ಅವನ ಕೈಯಲ್ಲಿ ಏನಿದೆ ಎಂದು ಅವಳು ನೋಡಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳಿಗೆ ಕಂಡದ್ದು ಅವನ ಕಿಸೆಯಿಂದ ಇಣುಕುತ್ತಿದ್ದ ಫೋನು ಮಾತ್ರ.

ಅವಳು ಕೋಟು ಹಾಕಿಕೊಂಡು ಅಂಗಡಿಗೆ ಮರಳಿದಳು. ಹೊರಗೆ ಇನ್ನೂ ಹಾಡುಹಗಲಿನ ಬೆಳಕು. ಕಡಲಿನ ಮೇಲೆ ಮಂಜು ಬೂದಿ ಬಣ್ಣದ ಕಂಬಳಿಯಂತೆ ದಡದತ್ತ ಸರಿಯುತ್ತಿತ್ತು. ಪರವಾನಗಿಯ ಚೌಕಟ್ಟಿನ ಕೆಳಗೆ ಒಂದು ಫೋನ್ ನಂಬರು ಅಂಟಿಸಿತ್ತು. ಅನುಮಾನಾಸ್ಪದ ಬಾಜಿ ಕಂಡುಬಂದರೆ ಕೂಡಲೇ ತಿಳಿಸತಕ್ಕದ್ದು. ಅವಳಪ್ಪನ ಕಾಲದಿಂದ ಈ ತನಕ ಆ ನಂಬರಿಗೆ ಯಾರೂ ಫೋನ್ ಮಾಡಿರಲಿಲ್ಲ.

ಮಾಡದಿದ್ದರೆ? ನಾಳೆ ಬ್ರಾಂಟ್ ಎದ್ದು ಹೋದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಅವಳ ಕಡೆಗೇ. ಗಂಡ ಗುಟ್ಟು ಹೇಳಿದ, ಹೆಂಡತಿ ಬೋರ್ಡಿಗೆ ಬರೆದಳು, ಊರು ದೋಚಿತು ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮಾಡಿದರೆ? ಡುಗಾಲ್‌ನ ಚೀಲ ಹೋಗುತ್ತದೆ, ಜೀವಮಾನದ ಒಂದೇ ಒಂದು ಚೀಲ. ಅವಳು ರಿಸೀವರ್ ಎತ್ತಿ ಇಟ್ಟಳು, ಎತ್ತಿ ಇಟ್ಟಳು. ಮನೆಗೆ ಹೋಗಿ ಬಚ್ಚಲ ಬಾಗಿಲು ಬಡಿದು ನೇರವಾಗಿ ಕೇಳಿಬಿಡಲೇ ಎನ್ನಿಸಿತು. ಕೇಳಿದ್ದಾಯಿತಲ್ಲ, ಏನಿಲ್ಲ ಅಂದನಲ್ಲ, ಕಿವಿ ಕೆಂಪು ಮಾಡಿಕೊಂಡು. ಆ ಕೆಂಪು ನೆನಪಾದದ್ದೇ ಅವಳ ಬೆರಳು ನಂಬರು ಒತ್ತಿತು.

ಆ ಕಡೆಯ ಹೆಂಗಸಿನ ದನಿ ಮೃದುವಾಗಿತ್ತು. ಎಷ್ಟು ಜನ, ಯಾವ ಜೋಡಿ, ಎಷ್ಟು ಹೊತ್ತಿಗೆ ಎಂದೆಲ್ಲ ಕೇಳಿ ಬರೆದುಕೊಂಡಳು. ಕೊನೆಗೆ ಕೇಳಿದಳು: "ಆ ಆಟಗಾರನ ಜೊತೆ ಇರೋರಲ್ಲಿ ನಿಮ್ಗೆ ಪರಿಚಯದವ್ರು ಯಾರಾದ್ರೂ ಇದಾರಾ ಮೇಡಂ?"

ರೋನಾ ಬೋರ್ಡಿನಲ್ಲಿ ತಾನು ಅಳಿಸಿದ ಸಾಲಿನ ಕಡೆ ನೋಡಿದಳು.

"ಇದಾರೆ," ಅಂದಳು. "ಅವನ ಕ್ಯಾಡಿ. ನನ್ನ ಗಂಡ."

ಗುರುವಾರ ಎಂಟು ಗಂಟೆ ಹತ್ತು ನಿಮಿಷಕ್ಕೆ ಬ್ರಾಂಟ್‌ನ ಆಟ. ರೋನಾ ಅಂಗಡಿಯ ಗೋಡೆಯ ಟೀವಿ ಹಾಕಿಕೊಂಡು ನಿಂತಿದ್ದಳು. ಮೊದಲ ಕುಳಿಯ ಬಳಿ ಬ್ರಾಂಟ್ ಬಂದ. ಅವನ ಹಿಂದೆ ಬಿಳಿ ಮೇಲಂಗಿ ಬಂತು, ಬೆನ್ನ ಮೇಲೆ ಅವಳು ಎರಡು ಸಲ ಇಸ್ತ್ರಿ ಮಾಡಿದ ಅದೇ ಹೆಸರು. ಮೇಲಂಗಿಯೊಳಗೆ ಇದ್ದವನು ಮಾತ್ರ ಡುಗಾಲ್ ಅಲ್ಲ. ಯಾರೋ ಎತ್ತರದ, ಕೆಂಪು ಗಡ್ಡದವನು. ಇಷ್ಟು ಬೇಗ ಇಷ್ಟೆಲ್ಲ ಆಗಿಬಿಡುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಬ್ರಾಂಟ್ ಚೆಂಡು ಹೊಡೆದ. ಅವಳು ಕಾದಳು. ಈಗ ಕೈ ಹಿಡಿದುಕೊಳ್ಳುತ್ತಾನೆ, ಈಗ ಮುಖ ಹಿಂಡುತ್ತಾನೆ. ಬ್ರಾಂಟ್ ಸಿಳ್ಳೆ ಹಾಕುತ್ತ ಚೆಂಡಿನ ಹಿಂದೆ ನಡೆದುಹೋದ. ಎರಡನೆಯ ಕುಳಿಯಲ್ಲೂ ನಡೆದ, ಮೂರನೆಯದರಲ್ಲೂ ನಡೆದ. ಅವನ ಮೈಯಲ್ಲಿ ಯಾವ ನೋವೂ ಇರಲಿಲ್ಲ.

ಒಂಬತ್ತು ಗಂಟೆಯ ಸುಮಾರಿಗೆ ಅವಳು ಕಿಟಕಿಯಾಚೆ ನೋಡಿದಳು. ಬಂದರಿನ ಬೀದಿಯಲ್ಲಿ ಒಬ್ಬ ಮುದುಕ ಗೋಡೆ ಹಿಡಿದುಕೊಂಡು ಕುಂಟುತ್ತ ಬರುತ್ತಿದ್ದ. ಎರಡು ಹೆಜ್ಜೆ, ನಿಲ್ಲುವುದು. ಮತ್ತೆ ಎರಡು ಹೆಜ್ಜೆ. ಪಾಪ, ಯಾರೋ ಎಂದುಕೊಂಡಳು. ಹತ್ತಿರ ಬಂದ ಮೇಲೆ ನೋಡಿದರೆ ಡುಗಾಲ್.

ಅವನು ಯಾವಾಗಿನಿಂದ ಕುಂಟುತ್ತಿದ್ದಾನೆ? ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯ ಮುಂದೆ ಬಂದಾಗ ಅವನು ಒಮ್ಮೆ ತಲೆಯೆತ್ತಿ ಗಾಜಿನೊಳಗೆ ನೋಡಿದ. ಒಳಗೆ ಬರಲಿಲ್ಲ. ಪಂದ್ಯದ ವಾರ ಅವನು ಬರುವ ಪದ್ಧತಿಯಿಲ್ಲ. ಕುಂಟುತ್ತ ಮುಂದೆ ಹೋದ. ಅವಳೂ ಹೊರಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬ್ರಾಂಟ್ ಅರವತ್ತಾರು ಹೊಡೆತಕ್ಕೆ ಮುಗಿಸಿದ್ದ. ತವೋರಾ ಎಪ್ಪತ್ತಮೂರು. ಬಾಗಿಲು ದಡಾರೆಂದು ತೆರೆದುಕೊಂಡು ಮೀನಂಗಡಿಯ ಎಫ್ಫಿ ಒಳಗೆ ನುಗ್ಗಿದಳು. ರಬ್ಬರಿನ ಬೂಟು, ಮೈಮೇಲೆಲ್ಲ ಹ್ಯಾಡಕ್ ಮೀನಿನ ಹುರುಪೆ.

"ಏನೇ ರೋನಾ, ಊರ ಮಂದಿ ಬಾಯಿಗೆ ಮಣ್ಣು ಹಾಕಿದ್ಯಲ್ಲೇ!"

"ನಾನೇನು ಮಾಡ್ದೆ? ನೀನು ಬಾಜಿ ಕಟ್ಟೇ ಇಲ್ವಲ್ಲ."

"ನಾನು ಕಟ್ಲಿಲ್ಲ, ಅಂಚೆಯವನ ಕೈಲಿ ಕಟ್ಟಿಸ್ದೆ! ನಿನ್ನ ಮುಂದೆ ಬಂದ್ರೆ ನಗು ಬಂದ್ಬಿಡುತ್ತೆ ಅಂತ. ಬ್ರಾಂಟ್‌ಗೆ ಮಣಿಕಟ್ಟು ಊದಿದೆ ಅಂದ್ಯಲ್ಲ, ಎಲ್ಲಿದೆಯೇ ಊತ? ಗೂಳಿ ಹಾಗೆ ಹೊಡೆದಿದಾನೆ!"

"ಮಣಿಕಟ್ಟು ಅಂತ ನಾನೆಲ್ಲಿ ಅಂದೆ?"

"ಅಯ್ಯೋ ಮಾರಾಯ್ತಿ, ಬಾಯಿ ಬಿಟ್ಟು ಹೇಳ್ಬೇಕಾ? ಸೋಮವಾರ ನೀನು ಐಸ್ ತಗೊಂಡೆ. ಯಾಕೆ ಇಷ್ಟೊಂದು ಅಂತ ನಾನಂದೆ. ಡುಗಾಲ್‌ನ ಆಟಗಾರನಿಗೆ, ನೀರು ತಣ್ಣಗಿಡೋಕಂತೆ ಅಂತ ನೀನಂದೆ. ಮಂಗಳವಾರ ಮತ್ತೆರಡು ಚೀಲ. ಈ ಚಳಿಗಾಳಿಲಿ ಯಾವ ಮನುಷ್ಯ ತಣ್ಣೀರು ಕುಡೀತಾನೆ? ನಾವೆಲ್ಲ ಬಿಸಿ ಟೀ ಹಿಡ್ಕೊಂಡೇ ನಡುಗ್ತಾ ಇದೀವಿ. ಐಸ್ ಅಂದ್ರೆ ಊತ. ಗಾಲ್ಫಿನವನಿಗೆ ಊತ ಅಂದ್ರೆ ಮಣಿಕಟ್ಟು. ಐಸಾಗೆ ಹೇಳ್ದೆ, ಐಸಾ ಮಿಸ್ ಗೆಡಿಸ್‌ಗೆ ಹೇಳಿದ್ಲು. ನೀನು ಜಾಣೆ, ನಮಗೆ ಗೊತ್ತಾಗ್ಲಿ ಅಂತ್ಲೇ ಸೂಚನೆ ಕೊಟ್ಟೆ ಅಂದ್ಕೊಂಡ್ವಿ. ಕ್ಯಾಡಿ ಹೆಂಡ್ತಿ ಬುಟ್ಟಿ ನೋಡಿ ಬಾಜಿ ಕಟ್ಟೋದು ನಮ್ಮ ಅಜ್ಜಿ ಕಾಲದಿಂದ ಬಂದಿದ್ದಲ್ವಾ!"

ನಿಜ. ಅಜ್ಜಿಯ ಕಾಲದಿಂದ ಬಂದದ್ದೇ. ಕ್ಯಾಡಿಯ ಹೆಂಡತಿ ಔಷಧಿ ಅಂಗಡಿಯಲ್ಲಿ ಏನು ಕೊಂಡಳು, ಯಾರ ಕಾಲುಚೀಲ ಒಣಹಾಕಿದಳು ಎಂದು ನೋಡಿ ಈ ಊರಿನ ಹೆಂಗಸರು ಆಟಗಾರರ ಹಣೆಬರಹ ಓದುತ್ತಿದ್ದರು. ಬೇರೆಯವರ ಬುಟ್ಟಿಯನ್ನು ರೋನಾಳೂ ಹಾಗೆ ಓದಿದ್ದುಂಟು. ತನ್ನ ಕೈಯಲ್ಲೇ ಒಂದು ಬುಟ್ಟಿಯಿದೆ ಎಂಬುದನ್ನು ಮರೆತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತಾರು ವರ್ಷದ ನಿಯಮ ಮುರಿದವಳು ಅವಳೇ, ಅದೂ ಮೀನಂಗಡಿಯಲ್ಲಿ ನಿಂತು, ನಾಲ್ಕು ಮಾತಿನಲ್ಲಿ.

"ಸ್ಯಾಂಡಿ?" ಎಂದು ಕೇಳಿದಳು. "ಸ್ಯಾಂಡಿಗೆ ಡುಗಾಲ್ ಹೇಳ್ಲಿಲ್ವಾ?"

"ಡುಗಾಲ್? ಅವನ ಬಾಯಿಂದ ಮಾತು ಹೊರಡ್ಸೋಕೆ ಇಕ್ಕಳ ಬೇಕು. ಕಟ್ಟೆ ಮೇಲೆ ಕೂತಾಗ ಸ್ಯಾಂಡಿ ಕೇಳಿದ್ನಂತೆ, ನಿಮ್ಮವನ ಕೈ ಹ್ಯಾಗಿದೆ ಅಂತ. ನಿನ್ನ ಕೆಲ್ಸ ನೋಡ್ಕೋ ಅಂದ್ನಂತೆ. ಅಷ್ಟು ಸಿಟ್ಟು ಬಂತು ಅಂದ್ರೆ ನಿಜಾನೇ ಇರ್ಬೇಕು ಅಂತ ಸ್ಯಾಂಡಿ ಐವತ್ತು ಹಾಕ್ದ."

ಹಾಗಾದರೆ ಐಸು ಯಾರಿಗೆ? ಕೇಳಬೇಕಾಗಿರಲಿಲ್ಲ. ಗೋಡೆ ಹಿಡಿದುಕೊಂಡು ಬರುತ್ತಿದ್ದ ಆ ಮುದುಕನನ್ನು ಅವಳು ಕಣ್ಣಾರೆ ನೋಡಿದ್ದಳು. ರೋನಾ ಎಫ್ಫಿಯನ್ನು ಹೊರಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಬೀದಿಯ ಮೆಟ್ಟಿಲು ಹತ್ತಿ ಮನೆಗೆ ಓಡಿದಳು.

ಡುಗಾಲ್ ಅಡುಗೆಮನೆಯಲ್ಲಿ ಪ್ಯಾಂಟು ಮಡಿಚಿ, ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂತಿದ್ದ. ಮಂಡಿ ಟರ್ನಿಪ್ ಗೆಡ್ಡೆಯ ಹಾಗೆ ಊದಿ ನೀಲಿಗಟ್ಟಿತ್ತು. ಇನ್ನು ಬಚ್ಚಲಿನ ಅಗುಳಿ ಹಾಕಿಕೊಳ್ಳುವ ಅಗತ್ಯ ಅವನಿಗಿರಲಿಲ್ಲ.

"ಯಾವಾಗಿಂದ?" ಎಂದಳು.

"ಹೋದ ವಾರದಿಂದ. ಹನ್ನೊಂದನೇ ಕುಳಿ ಹತ್ರ ಮೊಲದ ಬಿಲಕ್ಕೆ ಕಾಲು ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ? ಇಪ್ಪತ್ತು ಕೇಜಿ ಚೀಲ, ದಿನಕ್ಕೆ ಎಂಟು ಮೈಲಿ. ನೀನೇ ಕ್ಯಾಡಿ ಮೇಸ್ತ್ರಿಗೆ ಫೋನ್ ಮಾಡಿ ಬೇರೆಯವರನ್ನ ಕಳ್ಸು ಅಂತಿದ್ದೆ." ಅವನು ನಗಲು ನೋಡಿದ. "ಫೋನ್‌ನಲ್ಲಿ ಡಾಕ್ಟ್ರ ವಿಡಿಯೋ ನೋಡ್ಕೊಂಡು ಪಟ್ಟಿ ಕಟ್ತಿದ್ದೆ. ನಾಲ್ಕು ದಿನ ತಳ್ಳಿದ್ರೆ ಸಾಕಿತ್ತು ಕಣೇ. ನಾಲ್ಕೇ ದಿನ."

ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು. "ಡುಗಾಲ್, ನಿನ್ನೆ ಸಂಜೆ..."

"ಬೆಳಗ್ಗೆ ಆರು ಗಂಟೆಗೆ ಕರೆದ್ರು," ಎಂದ ಅವನು ಅವಳ ಮಾತು ಕೇಳಿಸದವನಂತೆ. "ಪಂದ್ಯದ ಕಚೇರಿಯೋರು ಇಬ್ರು. ಕೋಟು ಹಾಕ್ಕೊಂಡೋರು. ತುಂಬ ಮರ್ಯಾದೆಯಿಂದಲೇ ಮಾತಾಡಿದ್ರು. ವಿಚಾರಣೆ ಮುಗಿಯೋ ತನಕ ಅಂತ ಮೇಲಂಗಿ ಬಿಚ್ಚಿಸ್ಕೊಂಡ್ರು. ಬ್ರಾಂಟ್ ನನ್ನ ಮುಖ ನೋಡ್ಲಿಲ್ಲ."

"ಫೋನ್ ಮಾಡಿದ್ದು..."

"ರೋನಾ." ಅವನು ಕೈ ಎತ್ತಿ ತಡೆದ. "ಈ ಊರಲ್ಲಿ ಇರೋದು ಒಂದೇ ಬಾಜಿ ಅಂಗ್ಡಿ. ನಂಗೆ ಗೊತ್ತು. ಆದ್ರೆ ಇದು ಪಂದ್ಯದ ವಾರ. ಭಾನುವಾರದ ತನಕ ಮಾತಿಲ್ಲ."

ಅವಳು ಎಷ್ಟು ಬೇಡಿಕೊಂಡರೂ ಅವನು ಆಮೇಲೆ ಆ ವಿಷಯಕ್ಕೆ ಬಾಯಿ ಬಿಡಲಿಲ್ಲ. ಬಯ್ದಿದ್ದರೆ, ತಟ್ಟೆ ಎಸೆದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆಲೂಗಡ್ಡೆ ಚೆನ್ನಾಗಿದೆ ಎಂದ. ಪಕ್ಕದ ಮನೆಯ ನಾಯಿಗೆ ತಿಂಡಿ ಎಸೆದ. ಶನಿವಾರ ವಿಚಾರಣೆಯವರ ಕಾಗದ ಬಂತು: ನಿಮ್ಮ ಮೇಲೆ ಯಾವ ದೋಷವೂ ಕಂಡುಬಂದಿಲ್ಲ, ತೊಂದರೆಗೆ ವಿಷಾದಿಸುತ್ತೇವೆ. ಅದನ್ನು ಓದಿ ಮಡಿಸಿ ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟ.

ಭಾನುವಾರ ಇಬ್ಬರೂ ಟೀವಿ ಮುಂದೆ ಕೂತರು. ಹದಿನೇಳನೆಯ ಕುಳಿಯಲ್ಲಿ ಬ್ರಾಂಟ್ ಒಂದು ಹೊಡೆತ ಮುಂದಿದ್ದ. ಕೆಂಪು ಗಡ್ಡದವನು ಬಾವುಟ ನೋಡಿ ಕೋಲು ತೆಗೆದುಕೊಟ್ಟ. "ಬಾವುಟ ನೋಡ್ಬೇಡ್ವೋ," ಎಂದು ಡುಗಾಲ್ ಮೆಲ್ಲಗೆ ಗೊಣಗಿದ, "ಕಡಲು ನೋಡೋ. ಇಳಿತ ಶುರುವಾಗಿದೆ, ಗಾಳಿ ತಿರುಗಿದೆ." ಚೆಂಡು ಹಸಿರನ್ನು ಮುಟ್ಟದೆ ಮರಳಿನ ಗುಂಡಿಗೆ ಬಿತ್ತು. ಬ್ರಾಂಟ್ ಎರಡನೆಯವನಾದ. ಬಹುಮಾನ ಕೊಟ್ಟದ್ದೂ ಆಯಿತು. ಪಂದ್ಯದ ವಾರ ಮುಗಿಯಿತು.

ರೋನಾ ಟೀವಿ ಆರಿಸಿ ಅವನ ಕಡೆ ತಿರುಗಿದಳು. ಮೂರು ದಿನದಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು: ಐಸು, ಎಫ್ಫಿ, ಓಣಿ, ಕಟ್ಟೆ, ಅಗುಳಿ, ಕೆಂಪಾದ ಕಿವಿ. ತಪ್ಪಾಯಿತು ಎಂದಳು. ಡುಗಾಲ್ ಎಲ್ಲವನ್ನೂ ಕೇಳಿ ಅವಳ ಕೈ ಹಿಡಿದುಕೊಂಡ.

"ನಂದೂ ತಪ್ಪೇ," ಅಂದ. "ನಾನೂ ಸುಳ್ಳು ಹೇಳ್ದೆ. ಬಿಡು, ಮುಗೀತು."

ಮುಗಿಯಿತು ಎಂದೇ ಅವಳೂ ಅಂದುಕೊಂಡಳು. ಅವನು ಒಳ್ಳೆಯವನು, ಮಾತಿಗೆ ತಪ್ಪುವವನಲ್ಲ. ಮರುದಿನ ಸಂಜೆ ಅವಳು ಅಂಗಡಿಯಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಡುಗಾಲ್ ಕೋಲೂರಿಕೊಂಡು ಬಂದು ಟೊಪ್ಪಿಯನ್ನು ಮೊಳೆಗೆ ನೇತುಹಾಕಿದ.

"ಎಲ್ಲಿಗೆ ಹೋಗಿದ್ದೆ?" ಎಂದಳು, ಚಹಾಕ್ಕೆ ನೀರಿಡುತ್ತ. ದಿನಾ ಕೇಳುವ ಮಾತೇ ಅದು.

ಅವನು ಅವಳನ್ನು ನೋಡಿದ. ಉತ್ತರ ಹೇಳುವ ಮುಂಚೆ ಒಂದು ಕ್ಷಣ ತಡೆದ, ಅಂಗಡಿಯ ಕೌಂಟರಿನ ಮುಂದೆ ನಿಂತವರು ತಡೆಯುವಂತೆ.

"ಇಲ್ಲೇ, ಕಟ್ಟೆ ತನಕ," ಅಂದ. "ಒಬ್ನೇ ಹೋಗಿದ್ದೆ. ಬೇಕಿದ್ರೆ ದೋಣಿಲಿದ್ದ ಸ್ಯಾಂಡಿನ ಕೇಳು."

ಕಿವಿ ಕೆಂಪಾಗಿರಲಿಲ್ಲ. ಅವನು ನಿಜವನ್ನೇ ಹೇಳುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸಾಕ್ಷಿಯ ಹೆಸರನ್ನೂ ಸೇರಿಸಿ ಹೇಳಿದ್ದ. ಒಲೆಯ ಮೇಲೆ ನೀರು ಕುದಿಯತೊಡಗಿತು. ರೋನಾ ಎರಡು ಲೋಟ ತೆಗೆದಿಟ್ಟಳು.